ಚೆಟ್ಟಿನಾಡಿನ ಹಳೆಯ ಮನೆಯಲ್ಲಿ ತಂಗುವ ಮುನ್ನ ಕೇಳಬೇಕಾದ್ದು

ಪ್ರಶ್ನೆ: ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುತ್ತಿದೆ. ಇಬ್ಬರನ್ನೂ ಮೈಸೂರಿನಿಂದ ತಮಿಳುನಾಡಿನ ಚೆಟ್ಟಿನಾಡಿಗೆ ಕರೆದುಕೊಂಡು ಹೋಗಿ, ಈಗ ಹೋಟೆಲ್ ಆಗಿರುವ ಹಳೆಯ ಶ್ರೀಮಂತರ ಮನೆಯೊಂದರಲ್ಲಿ ಉಳಿಸಬೇಕೆಂಬ ಆಸೆ. ಆದರೆ ಫೋಟೋಗಳಲ್ಲಿ ಎಲ್ಲ ಮನೆಗಳೂ ಒಂದೇ ರೀತಿ ಕಾಣುತ್ತವೆ: ಕಂಬ, ಅಂಗಳ, ಬಣ್ಣದ ನೆಲ. ಬಾಡಿಗೆ ಮಾತ್ರ ನಗರದ ದೊಡ್ಡ ಹೋಟೆಲಿನಷ್ಟಿದೆ. ಅಮ್ಮನಿಗೆ ಮಂಡಿನೋವು. ನಾವು ಸಸ್ಯಾಹಾರಿಗಳು. ಜೊತೆಗೆ ಒಂಬತ್ತು ವರ್ಷದ ಮಗ. ಮನೆ ನಿಜಕ್ಕೂ ಹಳೆಯದೋ, ಹಳೆಯದರಂತೆ ಸಿಂಗರಿಸಿದ್ದೋ ತಿಳಿಯುವುದು ಹೇಗೆ? ಯಾವಾಗ ಹೋಗಬೇಕು, ಎಷ್ಟು ದಿನ ಇರಬೇಕು?

ಉತ್ತರ: ಮುಂಗಡ ಕೊಡುವ ಮೊದಲು ಹೋಟೆಲಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: ‘ನಮಗೆ ಕೊಡುವ ಕೋಣೆ ಮೊದಲು ಈ ಮನೆಯಲ್ಲಿ ಏನಾಗಿತ್ತು?’ ತಡವರಿಸದೆ ಉತ್ತರ ಬಂದರೆ, ಮನೆಯನ್ನು ಬಲ್ಲವರೇ ಅದನ್ನು ನಡೆಸುತ್ತಿದ್ದಾರೆ ಎಂದು ತಿಳಿಯಿರಿ. ‘ಎಲ್ಲವೂ ಡೀಲಕ್ಸ್ ಸರ್’ ಎಂದರೆ ಬೇರೆ ನಂಬರು ಹುಡುಕಿ. ಹಳೆಯ ಕಟ್ಟಡಗಳ ಜೀರ್ಣೋದ್ಧಾರವೇ ನನ್ನ ವೃತ್ತಿ. ಬಾಡಿಗೆ, ನಕ್ಷತ್ರಗಳ ಸಂಖ್ಯೆ, ಈಜುಕೊಳ ಎಲ್ಲಕ್ಕಿಂತ ಈ ಒಂದು ಪ್ರಶ್ನೆ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನುಭವ.

ಕಾರಣ ಇಷ್ಟೇ. ಚೆಟ್ಟಿನಾಡಿನ ಮನೆಗಳಲ್ಲಿ ಕೋಣೆ ಎಂಬುದು ದಿನವಿಡೀ ಬಾಳುವ ಜಾಗವೇ ಆಗಿರಲಿಲ್ಲ. ಇವನ್ನು ಕಟ್ಟಿಸಿದವರು ನಾಟ್ಟುಕೋಟ್ಟೈ ಚೆಟ್ಟಿಯಾರರು; ಅವರು ತಮ್ಮನ್ನು ನಗರತ್ತಾರ್ ಎಂದು ಕರೆದುಕೊಳ್ಳುತ್ತಾರೆ. ಲೇವಾದೇವಿ ಅವರ ಕಸುಬು. ಮದುವೆಯಾದ ಪ್ರತಿಯೊಬ್ಬ ಮಗನಿಗೂ ಒಳ ಅಂಗಳದ ಸುತ್ತ ಒಂದು ಕೋಣೆ. ಕೆಲವು ಮನೆಗಳಲ್ಲಿ ಒಂದರ ಹಿಂದೊಂದು ಜೋಡಿ ಕೋಣೆ. ಸೊಸೆ ತವರಿನಿಂದ ತಂದ ಹಿತ್ತಾಳೆ, ಬೆಳ್ಳಿ, ಸೀರೆ, ಪಾತ್ರೆ ಪಡಗ ಎಲ್ಲ ಅದರೊಳಗೆ ಬೀಗದಲ್ಲಿ. ದಂಪತಿಗೆ ರಾತ್ರಿಯ ಏಕಾಂತವೂ ಅಲ್ಲೇ. ಉಳಿದವರೆಲ್ಲ ಅಂಗಳದ ಸುತ್ತಲಿನ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಹಗಲು ಕೂರುವುದು, ಕಾಳು ಆರಿಸುವುದು, ಲೆಕ್ಕ ಬರೆಯುವುದು, ಮಕ್ಕಳು ಆಡುವುದು ಎಲ್ಲ ಕಂಬಗಳ ನಡುವೆಯೇ. ಇನ್ನೂ ಒಂದು ವಿಚಿತ್ರವಿದೆ: ಒಂದೇ ಸೂರಿನಡಿ ಇದ್ದರೂ ಮದುವೆಯಾದ ಪ್ರತಿ ಜೋಡಿಯ ಒಲೆ ಬೇರೆ, ಅಡುಗೆ ಬೇರೆ. ಕೂಡು ಕುಟುಂಬದ ಜಗಳದಲ್ಲಿ ಅರ್ಧ ಪಾಲು ಅಡುಗೆಮನೆಯಲ್ಲೇ ಹುಟ್ಟುತ್ತದೆ ಎಂಬುದನ್ನು ಈ ವ್ಯಾಪಾರಿಗಳು ಮೊದಲೇ ಲೆಕ್ಕ ಹಾಕಿದ್ದಿರಬೇಕು!

ಹಾಗಾಗಿ ಮೂಲ ಕೋಣೆಗಳು ಚಿಕ್ಕವು, ಕಿಟಕಿ ಕಡಿಮೆ, ಗೋಡೆ ದಪ್ಪ, ಬಾಗಿಲು ಭಾರ. ಅಂಥದ್ದನ್ನು ಇಂದಿನ ಪ್ರವಾಸಿಗೆ ಕೊಡಬೇಕಾದರೆ ಏನಾದರೂ ಮಾಡಲೇಬೇಕು. ಕೆಲವರು ಜೋಡಿ ಕೋಣೆಯ ಒಳಗಿನದನ್ನು ಸ್ನಾನದ ಮನೆಯಾಗಿಸುತ್ತಾರೆ. ಅದು ಒಳ್ಳೆಯ ಉಪಾಯ, ಏಕೆಂದರೆ ಯಾವ ಗೋಡೆಯನ್ನೂ ಒಡೆಯಬೇಕಾಗಿಲ್ಲ. ಕೆಲವರು ಎರಡು ಕೋಣೆಗಳ ನಡುವಿನ ಗೋಡೆ ತೆಗೆಯುತ್ತಾರೆ. ಇನ್ನು ಕೆಲವರು ಹಳೆಯ ಮನೆಯನ್ನು ಕೇವಲ ಸ್ವಾಗತಕ್ಕೂ ಊಟಕ್ಕೂ ಇಟ್ಟುಕೊಂಡು, ಹಿತ್ತಲಿನಲ್ಲಿ ಹೊಸ ಕಟ್ಟಡ ಎಬ್ಬಿಸಿ ಅದರ ಮುಂದೆ ನಾಲ್ಕು ಹಳೆಯ ಕಂಬ ನಿಲ್ಲಿಸುತ್ತಾರೆ. ಫೋಟೋದಲ್ಲಿ ಮೂರೂ ಒಂದೇ. ಹಿತ್ತಲಿನ ಹೊಸ ಕೋಣೆ ವಿಶಾಲವಾಗಿರುತ್ತದೆ, ನಲ್ಲಿಯಲ್ಲಿ ನೀರೂ ಜೋರಾಗಿ ಬರುತ್ತದೆ. ಅದು ಬೇಕೆನ್ನುವವರನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗುವುದು ಅದಕ್ಕಲ್ಲ. ಈ ಮನೆಗಳಲ್ಲಿ ನೀವು ಬಾಡಿಗೆಗೆ ಪಡೆಯುವುದು ಅಂಗಳವನ್ನು. ಕೋಣೆ ಅದರ ಜೊತೆಗೆ ಬರುವ ಪೆಟ್ಟಿಗೆ. ಅಂಗಳಕ್ಕೆ ಬಾಗಿಲು ತೆರೆಯುವ ಕೋಣೆಯನ್ನೇ ಕೇಳಿ, ಅದು ಚಿಕ್ಕದಾದರೂ ಸರಿ.

ಮನೆ ನಿಜಕ್ಕೂ ಹಳೆಯದೋ ಎಂಬ ಅನುಮಾನ ಚೆಟ್ಟಿನಾಡಿನ ಮಟ್ಟಿಗೆ ಅಷ್ಟಾಗಿ ಬೇಡ. ಶಿವಗಂಗೈ ಮತ್ತು ಪುದುಕ್ಕೋಟ್ಟೈ ಜಿಲ್ಲೆಗಳ ಎಪ್ಪತ್ತಕ್ಕೂ ಹೆಚ್ಚು ಊರುಗಳಲ್ಲಿ ಇಂಥ ಮನೆಗಳು ಸಾವಿರಾರು ಉಳಿದಿವೆ. ನಕಲು ಮಾಡುವ ಅಗತ್ಯವೇ ಇಲ್ಲ. ಇವುಗಳಲ್ಲಿ ಬಹುಪಾಲು ಹತ್ತೊಂಬತ್ತನೇ ಶತಮಾನದ ಮಧ್ಯದಿಂದ 1940ರ ದಶಕದ ನಡುವೆ ಎದ್ದವು. 1852ರಲ್ಲಿ ಕೆಳ ಬರ್ಮಾ ಬ್ರಿಟಿಷರ ಕೈಸೇರಿತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಐರಾವತಿ ನದಿಯ ಮುಖಜಭೂಮಿಯಲ್ಲಿ ಭತ್ತ ಬೆಳೆಯಲು ರೈತರಿಗೆ ಸಾಲ ಬೇಕಾಯಿತು. ಸಾಲ ಕೊಟ್ಟವರು ಚೆಟ್ಟಿಯಾರರು. ಲಾಭ ಮರಳಿ ಬಂದದ್ದು ಈ ಕೆಂಪು ಮಣ್ಣಿನ, ಮಳೆ ಕಡಿಮೆಯ ನಾಡಿಗೆ: ಬರ್ಮಾದ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಮ್ಮಿನ ಕನ್ನಡಿ, ಜಪಾನಿನ ಉಬ್ಬು ಚಿತ್ರದ ಗೋಡೆ ಹಂಚು, ಇಂಗ್ಲೆಂಡಿನ ಎರಕದ ಕಬ್ಬಿಣದ ಕಂಬ. 1930ರ ಆರ್ಥಿಕ ಕುಸಿತದಲ್ಲಿ ಬರ್ಮಾದ ರೈತರು ಸಾಲ ತೀರಿಸಲಾಗದೆ ಭೂಮಿ ಬಿಟ್ಟುಕೊಟ್ಟರು. ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಗದ್ದೆ ಚೆಟ್ಟಿಯಾರರ ಹೆಸರಿಗೆ ಬಂತು. ಅದೇ ಅವರಿಗೆ ಮುಳುವಾಯಿತು. 1942ರಲ್ಲಿ ಜಪಾನಿ ಸೇನೆ ನುಗ್ಗಿತು, 1948ರಲ್ಲಿ ಸ್ವತಂತ್ರ ಬರ್ಮಾ ಭೂಮಿಯ ರಾಷ್ಟ್ರೀಕರಣಕ್ಕೆ ಕಾನೂನು ಮಾಡಿತು. ಇಲ್ಲಿ ಮನೆ ಕಟ್ಟುವ ದುಡ್ಡು ಅಲ್ಲಿಗೆ ಬತ್ತಿತು. ಬರ್ಮಾದ ರೈತನ ಕಡೆಯಿಂದ ನೋಡಿದರೆ ಈ ತೇಗದ ಕಂಬಗಳ ಕತೆ ಬೇರೆಯೇ ಇದೆ. ಹೋಟೆಲಿನ ಮಾರ್ಗದರ್ಶಿಗಳು ಅದನ್ನು ಹೇಳುವುದು ಅಪರೂಪ.

ಅನುಮಾನ ಪಡಬೇಕಾದ್ದು ಹಳತನದ ಮೇಲಲ್ಲ, ರಿಪೇರಿಯ ಮೇಲೆ. ಈ ಮನೆಗಳ ಗೋಡೆ ಸುಣ್ಣದ್ದು. ನುಣ್ಣಗೆ ಅರೆದ ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಪದರದ ಮೇಲೆ ಪದರ ಬಳಿದು, ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿಯನ್ನು ಬೆರೆಸಿ ಕಲ್ಲಿನಿಂದ ಉಜ್ಜುತ್ತಾರೆ. ನೂರು ವರ್ಷದ ನಂತರವೂ ಅಂಗೈ ಇಟ್ಟರೆ ತಣ್ಣಗೆ, ಜಾರುವಷ್ಟು ನಯ. ಪಕ್ಕದಿಂದ ನೋಡಿದರೆ ಕಿಟಕಿಯ ಬೆಳಕು ಅದರಲ್ಲಿ ಮಂಕಾಗಿ ಹೊಳೆಯುತ್ತದೆ. ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಅವಸರದ ಗುತ್ತಿಗೆದಾರ ಅದರ ಮೇಲೆ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವಕ್ಕೆ ದಾರಿ ಇಲ್ಲದಾಗುತ್ತದೆ: ಮೊಣಕಾಲೆತ್ತರದಲ್ಲಿ ಬಣ್ಣ ಗುಳ್ಳೆ ಎದ್ದು, ಉಪ್ಪು ಬಿಳಿ ಪುಡಿಯಾಗಿ ಹೊರಬಂದು, ಕೋಣೆಯೆಲ್ಲ ಮುಗ್ಗಲು ವಾಸನೆ. ಹೋಟೆಲಿನವರ ಫೋಟೋ ಬಿಡಿ; ಅತಿಥಿಗಳು ತೆಗೆದ ಫೋಟೋಗಳಲ್ಲಿ ಗೋಡೆಯ ಕೆಳಭಾಗವನ್ನು ದೊಡ್ಡದು ಮಾಡಿ ನೋಡಿ. ಮಂಚದ ಹಿಂದೆ ನೆಲದಿಂದ ಮೂರಡಿಯವರೆಗೆ ಮರದ ಹಲಗೆಯನ್ನೋ ಬಟ್ಟೆಯನ್ನೋ ಹೊದಿಸಿದ್ದರೆ ಅದರ ಹಿಂದೇನಿದೆ ಎಂದು ನನಗಂತೂ ಅನುಮಾನ ಬರುತ್ತದೆ.

ಇನ್ನೊಂದು, ಅಂಗಳದ ಆಕಾಶ. ಮೂಲದಲ್ಲಿ ಅದು ತೆರೆದಿರುತ್ತದೆ. ನಾಲ್ಕೂ ಕಡೆಯ ಹೆಂಚಿನ ಮಾಡು ಒಳಕ್ಕೆ ಇಳಿದು ಮಳೆನೀರನ್ನು ಅಂಗಳಕ್ಕೆ ಸುರಿಯುತ್ತದೆ. ಅಲ್ಲಿಂದ ಅದನ್ನು ಪಾತ್ರೆಗೋ ಬಾವಿಗೋ ತಿರುಗಿಸುತ್ತಿದ್ದರು, ಮಿಕ್ಕಿದ್ದು ಊರ ಕೆರೆಗೆ. ಬಿಸಿಗಾಳಿ ಮೇಲೇರಿ ಹೋಗುವ ದಾರಿಯೂ ಅದೇ. ಕೋತಿ, ಕಳ್ಳರ ಭಯಕ್ಕೆ ಕಬ್ಬಿಣದ ಜಾಲರಿ ಹಾಕಿದರೆ ತೊಂದರೆಯಿಲ್ಲ. ಫೈಬರ್ ಹಾಳೆ ಹೊದಿಸಿದ್ದರೆ ಇಡೀ ಮನೆ ಬಿಸಿಯ ಡಬ್ಬಿ. ಆಮೇಲೆ ಎಲ್ಲ ಕಡೆ ಎ.ಸಿ. ಬೇಕಾಗುತ್ತದೆ, ಎ.ಸಿ. ಹೊರಪೆಟ್ಟಿಗೆಗಳು ಕೆತ್ತನೆಯ ಕಂಬಗಳ ನಡುವೆಯೇ ಗುರುಗುಟ್ಟುತ್ತವೆ. ನಮ್ಮ ಮಲೆನಾಡಿನ ತೊಟ್ಟಿಮನೆಗಳಲ್ಲೂ ಇದೇ ತಪ್ಪನ್ನು ಮಾಡುವವರಿದ್ದಾರೆ. ಅಲ್ಲಿ ಆಷಾಢದ ಮಳೆಯ ನೆಪವಾದರೂ ಇದೆ, ಇಲ್ಲಿ ಅದೂ ಇಲ್ಲ.

ನಿಮ್ಮ ತಾಯಿಯವರ ಮಂಡಿಯ ವಿಷಯ ಗಂಭೀರವಾದದ್ದು. ಚೆಟ್ಟಿನಾಡಿನ ಮನೆಗಳು ರಸ್ತೆಯಿಂದ ಸಾಕಷ್ಟು ಎತ್ತರದಲ್ಲಿವೆ. ತಮ್ಮ ಪೂರ್ವಿಕರು ಕಡಲತೀರದ ಕಾವೇರಿಪೂಂಪಟ್ಟಿಣದಲ್ಲಿದ್ದರು, ನೀರಿನ ಭಯದಿಂದ ಈ ಒಣನಾಡಿಗೆ ಬಂದರು ಎಂದು ನಗರತ್ತಾರರು ಹೇಳಿಕೊಳ್ಳುತ್ತಾರೆ; ಎತ್ತರದ ಅಡಿಪಾಯಕ್ಕೂ ಅದನ್ನೇ ಕಾರಣವಾಗಿ ಕೊಡುತ್ತಾರೆ. ಕಾರಣ ಏನೇ ಇರಲಿ, ಬೀದಿಯಿಂದ ಜಗಲಿಗೆ ಮೆಟ್ಟಿಲು, ಜಗಲಿಯಿಂದ ಒಳಗೆ ದಪ್ಪ ಹೊಸ್ತಿಲು, ಪಡಸಾಲೆಯಿಂದ ಅಂಗಳಕ್ಕೆ ಇಳಿತ, ಮತ್ತೆ ಏರು. ಮೇಲಂತಸ್ತಿನ ಮೆಟ್ಟಿಲು ಕಿರಿದು, ಕಡಿದು. ಲಿಫ್ಟ್ ಇರುವುದಿಲ್ಲ, ಇದ್ದರೆ ಎಲ್ಲಿ ಕೊರೆದು ಕೂರಿಸಿದರು ಎಂದು ನಾನು ಚಿಂತಿಸುತ್ತೇನೆ. ಆದ್ದರಿಂದ ನೆಲಮಹಡಿಯ ಕೋಣೆಯನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಸ್ನಾನದ ಮನೆಗೆ ಹೋಗಲು ಒಳಗೆ ಮೆಟ್ಟಿಲಿದೆಯೇ ಎಂದು ಬೇರೆಯಾಗಿ ಕೇಳಿ. ಕೊಳವೆಗಳನ್ನು ಮರೆಮಾಡಲು ಅನೇಕರು ಸ್ನಾನದ ಮನೆಯ ನೆಲವನ್ನು ಅರ್ಧ ಅಡಿ ಎತ್ತರಿಸುತ್ತಾರೆ, ರಾತ್ರಿ ಎದ್ದವರು ಎಡವುವುದು ಅಲ್ಲೇ. ಊಟ ಬಡಿಸುವುದು ಎರಡನೆಯ ಅಂಗಳದ ಕಡೆಯಾದರೆ ಅಲ್ಲಿಗೆ ಎಷ್ಟು ಹೊಸ್ತಿಲು ದಾಟಬೇಕು ಎಂಬುದನ್ನೂ ಕೇಳಿ. ಈ ಮನೆಗಳು ಒಂದು ಬೀದಿಯಲ್ಲಿ ಶುರುವಾಗಿ ಹಿಂದಿನ ಬೀದಿಯಲ್ಲಿ ಮುಗಿಯುತ್ತವೆ, ನಡಿಗೆಯೇ ಬಹಳ.

ನಾನು ಮೇಲಂತಸ್ತಿನ ಕೋಣೆ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಹಳೆಯ ಮಹಡಿ ನಿಂತಿರುವುದು ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕೂಡಿಸಿದ ಮದ್ರಾಸ್ ತಾರಸಿಯ ಮೇಲೆ. ಅದರ ಮೇಲೆ ದಿನಕ್ಕೆ ನಾಲ್ಕು ಬಾರಿ ಶವರ್ ಹರಿಯಬೇಕೆಂದು ಯಾರೂ ಕಟ್ಟಿರಲಿಲ್ಲ. ತುಂಬ ಎಚ್ಚರದಿಂದ ಮಾಡಿದ ಕಡೆ ಸರಿ, ಇಲ್ಲದಿದ್ದರೆ ಕೆಳಗಿನ ಕೋಣೆಯ ಛಾವಣಿಯಲ್ಲಿ ನಕ್ಷೆ ಮೂಡುತ್ತದೆ.

ಊಟಕ್ಕೆ ಹೆದರಬೇಡಿ. ಚೆಟ್ಟಿನಾಡು ಎಂದರೆ ಮೆಣಸು ಸುರಿದ ಕೋಳಿ ಎಂಬುದು ನಮ್ಮ ಊರುಗಳ ಹೋಟೆಲ್ ಫಲಕಗಳು ಕಟ್ಟಿದ ಕತೆ. ನಗರತ್ತಾರರು ಶೈವರು, ಒಂಬತ್ತು ಕುಲದೇಗುಲಗಳ ಸುತ್ತ ಅವರ ಸಮಾಜವೇ ನಿಂತಿದೆ. ಮಾಂಸದ ಅಡುಗೆ ಇದೆ, ಜೊತೆಗೆ ಸಸ್ಯಾಹಾರದ ದೊಡ್ಡ ಪರಂಪರೆಯೂ ಇದೆ. ಅಕ್ಕಿ ತೊಳೆದ ನೀರಿನಲ್ಲಿ ಹುಣಸೆ ಹುಳಿ ಹಾಕಿ ಬೆಂಡೆಕಾಯಿ ಬೇಯಿಸುವ ‘ಮಂಡಿ’ಯನ್ನು ತಪ್ಪದೆ ಕೇಳಿ. ನಮ್ಮ ಪಡ್ಡಿನ ನೆಂಟನಂತಿರುವ ಪಣಿಯಾರಂ, ಬಾಳೆ ಹೂವಿನ ವಡೆ, ಇಡಿಯಪ್ಪಂ ಇವೆಲ್ಲ ಸುಲಭವಾಗಿ ಸಿಗುತ್ತವೆ. ಬರ್ಮಾದಿಂದ ಬಂದ ಕಪ್ಪು ಅಂಟಕ್ಕಿಯನ್ನು ಬೇಯಿಸಿ ಸಕ್ಕರೆ, ತೆಂಗಿನತುರಿ ಬೆರೆಸುವ ‘ಕವುನಿ ಅರಿಸಿ’ ಇಲ್ಲಿನ ಮದುವೆ ಮನೆಯ ಸಿಹಿ. ನಿಮ್ಮ ತಂದೆ ತಾಯಿಯ ಐವತ್ತನೇ ವರ್ಷಕ್ಕೆ ಅದಕ್ಕಿಂತ ತಕ್ಕ ಸಿಹಿ ನನಗೆ ತೋಚುತ್ತಿಲ್ಲ. ಅಕ್ಕಿ ನೆನೆಯಲು ಗಂಟೆಗಟ್ಟಲೆ ಬೇಕು, ಹಾಗಾಗಿ ಹಿಂದಿನ ದಿನವೇ ಹೇಳಿ. ಪೂರ್ತಿ ಸಸ್ಯಾಹಾರ ಎಂಬುದನ್ನು, ಈರುಳ್ಳಿ ಬೆಳ್ಳುಳ್ಳಿ ಬೇಡವಾದರೆ ಅದನ್ನೂ, ಬುಕ್ ಮಾಡುವಾಗಲೇ ತಿಳಿಸಬೇಕು. ಹಳ್ಳಿಯಲ್ಲಿ ತಲೆ ಎಣಿಸಿ ಅಡುಗೆ ಮಾಡುತ್ತಾರೆ, ರಾತ್ರಿ ಒಂಬತ್ತಕ್ಕೆ ಮನಸ್ಸು ಬದಲಿಸಿದರೆ ಹೊರಗೆ ಹೋಗಿ ತಿನ್ನಲು ಏನೂ ಇರುವುದಿಲ್ಲ.

ಯಾವ ಊರು ಎಂಬುದಕ್ಕೆ ಬರೋಣ. ಕಾರೈಕುಡಿ ಪಟ್ಟಣ, ಅಂಗಡಿ, ವೈದ್ಯರು, ಎ.ಟಿ.ಎಂ. ಎಲ್ಲ ಹತ್ತಿರ. ಅಲ್ಲಿನ ‘ದಿ ಬಂಗಲಾ’ ತನ್ನ ಅಡುಗೆಗೇ ಹೆಸರಾದದ್ದು. ಹಳ್ಳಿಯ ನಿಶ್ಶಬ್ದ ಬೇಕಾದರೆ ಕಾನಾಡುಕಾತ್ತಾನ್. ಅಣ್ಣಾಮಲೈ ವಿಶ್ವವಿದ್ಯಾಲಯ ಕಟ್ಟಿದ ರಾಜಾ ಅಣ್ಣಾಮಲೈ ಚೆಟ್ಟಿಯಾರರ ಅರಮನೆಯಂಥ ಮನೆ ಇರುವುದು ಇಲ್ಲೇ. ಅದು ಖಾಸಗಿ ಸ್ವತ್ತು, ಬೀದಿಯಿಂದ ನೋಡಿದರೂ ಸಾಕು. ಈ ಊರಿನ ‘ವಿಶಾಲಂ’ ತಂದೆಯೊಬ್ಬರು ಮಗಳಿಗಾಗಿ ಕಟ್ಟಿಸಿದ್ದು. ಗಂಡುಮಕ್ಕಳ ಪಾಲಿನ ಸುತ್ತಲೇ ಮನೆ ಬೆಳೆಯುವ ಸಮಾಜದಲ್ಲಿ ಅದು ಅಪರೂಪ. 1920, 30ರ ದಶಕಗಳ ಆರ್ಟ್ ಡೆಕೊ ಶೈಲಿಯ ಮನೆಯಾದ್ದರಿಂದ ಹಳೆಯ ಮಾದರಿಗಿಂತ ಬೆಳಕು ಹೆಚ್ಚು. ಪಕ್ಕದ ಕೊತ್ತಮಂಗಲದ ‘ಶಾರದಾ ವಿಲಾಸ್’ ಮನೆಯನ್ನು ಫ್ರಾನ್ಸಿನ ಇಬ್ಬರು ವಾಸ್ತುಶಿಲ್ಪಿಗಳು ಉಳಿಸಿ ಹೋಟೆಲ್ ಮಾಡಿದರು. ತಿರುಮಯಂ ಕಡೆಯ ಕಡಿಯಾಪಟ್ಟಿಯಲ್ಲಿ ‘ಚಿದಂಬರ ವಿಲಾಸ್’ ಇದೆ. ನಿಮ್ಮ ಸಂದರ್ಭದಲ್ಲಿ ನಾನಾದರೆ ಕಾನಾಡುಕಾತ್ತಾನಿನ ಸುತ್ತಮುತ್ತ ಹುಡುಕುತ್ತೇನೆ, ನೆಲಮಹಡಿ ಎಲ್ಲಿ ಸಿಗುತ್ತದೋ ಅಲ್ಲಿ.

ಬಾಡಿಗೆ ದುಬಾರಿಯೇ. ಅದಕ್ಕೆ ಕಾರಣ ಬರೀ ಆಡಂಬರ ಅಲ್ಲ. ಒಂದೊಂದು ಮನೆಗೂ ಮೂರು ನಾಲ್ಕು ತಲೆಮಾರಿನ ವಾರಸುದಾರರು ಹತ್ತಾರು ಜನ. ಒಬ್ಬರು ಚೆನ್ನೈಯಲ್ಲಿ, ಒಬ್ಬರು ಸಿಂಗಪುರದಲ್ಲಿ, ಒಬ್ಬರು ಅಮೆರಿಕದಲ್ಲಿ. ಎಲ್ಲರ ಸಹಿ ಬೀಳದೆ ಮಾರುವಂತಿಲ್ಲ, ಭೋಗ್ಯಕ್ಕೆ ಕೊಡುವಂತಿಲ್ಲ. ಮದುವೆಗೋ ಹಿರಿಯರ ಪೂಜೆಗೋ ಬೀಗ ತೆಗೆದು ಮತ್ತೆ ಹಾಕುವ ಮನೆಗಳೇ ಹೆಚ್ಚು. ಒಪ್ಪಂದ ಮುರಿದು ಪಾಲಾದ ಮನೆ ಬಿಡಿಬಿಡಿಯಾಗಿ ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯ ಹಳೆಯ ಸಾಮಾನಿನ ಅಂಗಡಿಗಳನ್ನು ಸೇರುತ್ತದೆ: ಬಾಗಿಲು, ಕಂಬ, ಎನಾಮಲ್ ಡಬ್ಬಿ, ಯಾರದೋ ಅಜ್ಜನ ಚಿತ್ರ. ಆ ಬೀದಿಯಲ್ಲಿ ಎನಾಮಲ್ ತಟ್ಟೆ ಕೊಳ್ಳಿ, ಅಡ್ಡಿಯಿಲ್ಲ. ಕಂಬ, ಬಾಗಿಲು ಕೊಳ್ಳಬೇಡಿ ಎಂದು ನನ್ನ ವೃತ್ತಿಯವನಾಗಿ ಕೇಳಿಕೊಳ್ಳುತ್ತೇನೆ. ಬೇಡಿಕೆ ಇರುವವರೆಗೆ ಮನೆ ಕೆಡವುವುದು ನಿಲ್ಲುವುದಿಲ್ಲ. 2014ರಲ್ಲಿ ಚೆಟ್ಟಿನಾಡಿನ ಊರುಗಳು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು, ಆದರೆ ಪಟ್ಟಿ ಸೋರುವ ಮಾಡಿಗೆ ಹೆಂಚು ಹೊದಿಸುವುದಿಲ್ಲ.

ಹೋಗಲು ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿಯ ಆಸುಪಾಸು, ಹಿರಿಯರನ್ನು ಕರೆದೊಯ್ಯಬೇಡಿ. ಅಕ್ಟೋಬರ್, ನವೆಂಬರ್ ಅಲ್ಲಿ ಮಳೆಗಾಲ. ಅಂಗಳಕ್ಕೆ ಮಳೆ ಸುರಿಯುವುದನ್ನು ನೋಡುವ ಆಸೆಯಿದ್ದರೆ ಅದೇ ಸಮಯ, ಆದರೆ ಒದ್ದೆಯಾದ ನೆಲ ಜಾರುತ್ತದೆ. ಜನವರಿಯಲ್ಲಾದರೆ ಪೊಂಗಲ್ ಕಳೆದ ನಂತರದ ಮಂಗಳವಾರಕ್ಕೆ ಹೊಂದಿಸಿಕೊಳ್ಳಲು ನೋಡಿ: ನಾಟ್ಟರಸನ್‌ಕೋಟ್ಟೈಯಲ್ಲಿ ನಗರತ್ತಾರ್ ಕುಟುಂಬಗಳು ಎಲ್ಲೆಲ್ಲಿಂದಲೋ ಬಂದು ಸಾಲಾಗಿ ಒಲೆ ಹೂಡಿ ಪೊಂಗಲ್ ಉಕ್ಕಿಸುತ್ತವೆ. ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ತೂತ್ತುಕ್ಕುಡಿಗೆ ಹೋಗುವ ರಾತ್ರಿ ರೈಲಿನಲ್ಲಿ ಮದುರೈಗೆ ಹೋಗಿ, ಮುಂದೆ ಸುಮಾರು ಎರಡು ಗಂಟೆ ಕಾರಿನಲ್ಲಿ ಹೋಗುವುದು ತಾಯಿಯವರಿಗೆ ಹಗುರ. ಪೂರ್ತಿ ರಸ್ತೆಯಲ್ಲೇ ಹೋದರೆ ಇಡೀ ದಿನ ಕೂತಿರಬೇಕು.

ಎರಡು ರಾತ್ರಿ ಸಾಕು, ಒಂದು ಸಾಲದು. ಒಂದೇ ರಾತ್ರಿ ಉಳಿಯುವವರು ಸಂಜೆ ಬಂದು ಬೆಳಿಗ್ಗೆ ಹೊರಡುತ್ತಾರೆ. ಮನೆ ತನ್ನ ಕೆಲಸ ತೋರಿಸುವ ಹೊತ್ತು ಮಧ್ಯಾಹ್ನ, ಆಗ ಅವರು ಕಾರಿನಲ್ಲಿರುತ್ತಾರೆ. ಹೊರಗೆ ಬೀದಿ ಕುದಿಯುವಾಗ ಪಡಸಾಲೆಯ ನೆಲ ತಣ್ಣಗಿರುತ್ತದೆ, ಅಂಗಳದ ಬಿಸಿಲಿನ ಚೌಕ ಕಂಬದಿಂದ ಕಂಬಕ್ಕೆ ಸರಿಯುತ್ತಿರುತ್ತದೆ, ಮುಂಬಾಗಿಲು ಹಿಂಬಾಗಿಲು ಒಂದೇ ಗೆರೆಯಲ್ಲಿರುವುದರಿಂದ ಗಾಳಿ ಉದ್ದಕ್ಕೂ ಹಾಯುತ್ತದೆ. ನಿಮ್ಮ ತಂದೆಯವರಿಗೆ ಒಂದು ಒರಗುಕುರ್ಚಿ ಹಾಕಿಸಿ ಅಲ್ಲೇ ಬಿಡಿ. ಸುತ್ತಾಟವನ್ನೆಲ್ಲ ಬೆಳಿಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ ಇಟ್ಟುಕೊಳ್ಳಿ. ಪಿಳ್ಳೈಯಾರ್‌ಪಟ್ಟಿಯ ಬಂಡೆಯಲ್ಲಿ ಕೊರೆದ ಗಣಪತಿ ಹತ್ತಿರದಲ್ಲಿದ್ದಾನೆ. ತಿರುಮಯಂ ಕೋಟೆ ಮಗನಿಗೆ ಹಿಡಿಸುತ್ತದೆ, ಅಜ್ಜಿ ಕೆಳಗೆ ಕೂರಬೇಕಾಗುತ್ತದೆ.

ಮಗನಿಗಾಗಿ ಆತ್ತಂಗುಡಿಗೆ ಒಂದು ಬೆಳಿಗ್ಗೆ ಇಡಿ. ನಿಮ್ಮ ಹೋಟೆಲಿನ ಬಣ್ಣದ ನೆಲ ತಯಾರಾಗುವುದು ಅಲ್ಲಿನ ಮನೆ ಮನೆಯ ಕಾರ್ಖಾನೆಗಳಲ್ಲಿ. ಗಾಜಿನ ಹಲಗೆಯ ಮೇಲೆ ಲೋಹದ ಅಚ್ಚನ್ನಿಟ್ಟು, ಅಚ್ಚಿನ ಒಂದೊಂದು ಖಾನೆಗೂ ಚಮಚದಿಂದ ಬಣ್ಣದ ಸಿಮೆಂಟಿನ ದ್ರವವನ್ನು ಹೊಯ್ಯುತ್ತಾರೆ. ಅಚ್ಚನ್ನು ಅಲುಗಿಸದೆ ಮೇಲೆತ್ತಿದಾಗ ಬಣ್ಣಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಬೆರೆಯುವುದಿಲ್ಲ. ಮೇಲೆ ಮರಳು, ಸಿಮೆಂಟ್ ತುಂಬಿ ಒತ್ತಿ, ಒಣಗಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಬೆಂಕಿ ಎಲ್ಲಿಯೂ ಇಲ್ಲ. ಗಾಜಿಗೆ ಅಂಟಿದ್ದ ಮುಖವೇ ಹೊಳಪು ಪಡೆಯುತ್ತದೆ. ಮುಂದೆ ಬರಿಗಾಲಿನ ಓಡಾಟ, ಆಗಾಗ ತೆಂಗಿನೆಣ್ಣೆಯ ಒರೆಸು ಅದನ್ನು ಉಳಿಸುತ್ತವೆ. ನಿಂಬೆರಸ ಚೆಲ್ಲಿದರೆ ಮಾತ್ರ ಕಲೆ ಬಿಡುವುದಿಲ್ಲ; ಕೋಣೆಯಲ್ಲಿ ಮಗನ ಕೈಗೆ ಪಾನಕ ಕೊಡುವಾಗ ನೆನಪಿರಲಿ. ಕೆಲಸ ನಡೆಯುವ ದಿನವೇ, ಹೊತ್ತೇ ಎಂದು ಹೋಟೆಲಿನವರಿಂದ ಮೊದಲು ಫೋನ್ ಮಾಡಿಸಿ ಹೊರಡಿ. ಒಂದೆರಡು ಹಂಚು ಮನೆಗೆ ತರುವ ಆಸೆಯಾದರೆ ಬಟ್ಟೆಯ ನಡುವೆ ನಿಲ್ಲಿಸಿ ಕಟ್ಟಬೇಕು, ಮಲಗಿಸಿದರೆ ಒಡೆಯುತ್ತದೆ. ತೂಕವೂ ಕಡಿಮೆಯಲ್ಲ, ಆ ಚೀಲವನ್ನು ಎತ್ತುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.